ಪಚ್ಚೆಯ ಊರಿಗೆ ಎಷ್ಟು ಕೊಡಬೇಕು?

ಚಿನ್ನಕ್ಕೆ ದಿನದ ರೇಟಿದೆ, ಪಚ್ಚೆಗಿಲ್ಲ. ಹಾಗಾಗಿ ಊರಿನ ಹೆಸರು ಹೇಳಿ ಬೆಲೆ ಏರಿಸುವುದು ಸಲೀಸು.

ಮೊಮ್ಮಗನಿಗೆ ಬುಧ ಸರಿಯಿಲ್ಲ, ಕಿರುಬೆರಳಿಗೆ ಪಚ್ಚೆ ಹಾಕಿಸಿ ಎಂದು ಹರಿಹರದಲ್ಲಿರುವ ನಮ್ಮಕ್ಕನಿಗೆ ಜ್ಯೋತಿಷಿಗಳು ಹೇಳಿದ್ದರು. ದಾವಣಗೆರೆಯ ಅಂಗಡಿಯೊಂದಕ್ಕೆ ಜೊತೆಯಲ್ಲಿ ಹೋದೆ. "ಇದು ಜಾಂಬಿಯಾ ಮಾಲು, ಇದು ಕೊಲಂಬಿಯಾ, ಅದಕ್ಕೇ ಡಬಲ್ ರೇಟು" ಅಂದ ಹುಡುಗ.

"ಹೆಂಗ್ ಗೊತ್ತಾತಪ್ಪಾ?"

"ಕಲರ್ ನೋಡಿದ್ರೆ ಗೊತ್ತಾಗುತ್ತಮ್ಮಾ."

ಹಾಗಾದರೆ ಬಿಲ್ಲಿನಲ್ಲಿ ಕೊಲಂಬಿಯಾ ಎಂದು ಬರೆದುಕೊಡಿ ಎಂದೆ. ಮಾಲೀಕರು ಎದ್ದು ಬಂದು, ಬರೀ ಪಚ್ಚೆ ಅಂತ ಬರೀತೀವಿ ಸಾರ್ ಎಂದರು. ಅಕ್ಕ ಜಾಂಬಿಯಾದ್ದನ್ನೇ ತಗೊಂಡಳು.

ಬಣ್ಣವೊಂದನ್ನೇ ನೋಡಿ ಪ್ರಯೋಗಾಲಯದವರೂ ಊರು ಹೇಳುವುದಿಲ್ಲ. ಸೂಕ್ಷ್ಮದರ್ಶಕದಡಿ ಕಲ್ಲಿನ ಒಳಗನ್ನು ನೋಡುತ್ತಾರೆ. ಕೊಲಂಬಿಯಾದ ಪಚ್ಚೆ ಹುಟ್ಟಿದ್ದು ಕಪ್ಪು ಜೇಡಿಶಿಲೆಯ ಬಿರುಕುಗಳಲ್ಲಿ ಹರಿದ ಬಿಸಿ ಉಪ್ಪುನೀರಿನಿಂದ. ಅದರೊಳಗಿನ ಮೊನಚು ಅಂಚಿನ ಪುಟ್ಟ ಪೊಳ್ಳಿನಲ್ಲಿ ಆ ನೀರಿನ ಹನಿ, ಒಂದು ಗಾಳಿಗುಳ್ಳೆ, ಒಂದು ಉಪ್ಪಿನ ಹರಳು ಮೂರೂ ಒಟ್ಟಿಗೆ ಸಿಕ್ಕಿಕೊಂಡಿರುತ್ತವೆ. ಜಾಂಬಿಯಾದ್ದರಲ್ಲಿ ಕಾಗೆಬಂಗಾರದ ಚೂರು ಕಾಣಬಹುದು, ಕಬ್ಬಿಣದ ಅಂಶವೂ ಹೆಚ್ಚು. ಆದರೆ ಅಫ್ಘಾನಿಸ್ತಾನದ ಪಂಜಶೀರ್ ಪಚ್ಚೆಯಲ್ಲೂ ಉಪ್ಪಿನ ಹರಳಿರುವುದುಂಟು. ಅದಕ್ಕೇ ಲೇಸರ್‌ನಿಂದ ಕಣ್ಣಿಗೆ ಕಾಣದಷ್ಟು ಪುಡಿ ಎಬ್ಬಿಸಿ, ಕಬ್ಬಿಣ, ಲಿಥಿಯಂ, ಸೀಸಿಯಂ ಎಷ್ಟಿದೆಯೆಂದು ಅಳೆದು, ಗಣಿಗಳಿಂದಲೇ ತಂದಿಟ್ಟ ಮಾದರಿಗಳ ಜೊತೆ ಹೋಲಿಸುತ್ತಾರೆ. ಇಷ್ಟಾದರೂ ಸರ್ಟಿಫಿಕೇಟಿನಲ್ಲಿ ಬರುವ ಊರು 'ಅಭಿಪ್ರಾಯ' ಮಾತ್ರ.

ಹೈದರಾಬಾದ್ ನಿಜಾಮರ ಖಜಾನೆಯ ಹಳೇ ಪಚ್ಚೆಗಳು ಏಷ್ಯಾದ ಯಾವುದೋ ಮರೆತುಹೋದ ಗಣಿಯವು ಎಂಬ ಮಾತಿತ್ತು. 2000ರಲ್ಲಿ ಆಮ್ಲಜನಕದ ಐಸೋಟೋಪ್ ಅಳೆದು ನೋಡಿದರೆ ಕೊಲಂಬಿಯಾದ್ದೂ ಇತ್ತು, ಅಫ್ಘಾನಿಸ್ತಾನದ್ದೂ ಇತ್ತು.

ನಿಜಾಮರ ಮಟ್ಟದ ಕಲ್ಲಿಗೆ ಈ ಖರ್ಚೆಲ್ಲ ಸರಿ. ಬಿರುಕು ತುಂಬಿದ ಎರಡು ಮೂರು ಕ್ಯಾರೆಟ್ಟಿನ ಜಾತಕದ ಕಲ್ಲಿಗೆ ಊರಿನ ಹೆಸರಿಗೆಂದು ಒಂದು ರೂಪಾಯಿ ಹೆಚ್ಚು ಕೊಡುವುದೂ ನನಗೆ ದಂಡವೇ. ಕೇಳಬೇಕಾದ್ದು ಬೇರೆ: ಗಣಿಯದ್ದೋ, ಪ್ರಯೋಗಾಲಯದಲ್ಲಿ ಬೆಳೆಸಿದ್ದೋ? ಬಿರುಕು ಮುಚ್ಚಲು ಎಣ್ಣೆ ಎಷ್ಟು ಕುಡಿಸಿದ್ದಾರೆ, ರಾಳ ತುಂಬಿದ್ದಾರೆಯೇ? ಎಣ್ಣೆ ಇಳಿದರೆ ಬಿರುಕು ಮತ್ತೆ ಕಾಣುತ್ತದೆ, ಬೆಲೆಯೂ ಇಳಿಯುತ್ತದೆ.

ಉಂಗುರದ ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ಕಲ್ಲಿಗಲ್ಲ. ಬಿಲ್ಲಿನಲ್ಲಿ ಕಲ್ಲಿನ ತೂಕ ಕಳೆದಿದ್ದಾರೆಯೇ ನೋಡಿ. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಮೂರು ಕ್ಯಾರೆಟ್ ಕಲ್ಲನ್ನು ಒಟ್ಟು ತೂಕದಲ್ಲೇ ಸೇರಿಸಿಬಿಟ್ಟರೆ 0.6 ಗ್ರಾಂ ಚಿನ್ನದ ದುಡ್ಡು ಸುಮ್ಮನೆ ಹೋಯಿತು, ಅದರ ಮೇಲೆ 3% ಜಿಎಸ್‌ಟಿ ಬೇರೆ. ಮಾರಲು ಹೋದ ದಿನ ಮಾತ್ರ ಕಲ್ಲು ಬಿಚ್ಚಿಟ್ಟೇ ತೂಗುತ್ತಾರೆ.