ಮನೆಯ ಗಳಿಕೆಯ ಜೊತೆ ಮುಳುಗದ ಕೆಲಸ

ಆರ್ಥಿಕ ಹಿಂಜರಿತ ಅಂದರೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ತಲೆನೋವು, ನಮಗೇನು ಎಂಬ ಮಾತು ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಕಡೆ ಬಹಳ ಕಾಲ ನಡೆದಿತ್ತು. 2020ರ ನಂತರ ಆ ಮಾತು ನಿಂತಿತು. ಆ ವರ್ಷದ ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ದೇಶದ ಜಿಡಿಪಿ ಶೇ 23.9ರಷ್ಟು ಕುಸಿಯಿತೆಂದು ಸರ್ಕಾರದ ಮೊದಲ ಅಂದಾಜು ಹೇಳಿತು. ಈ ಒಟ್ಟು ಅಂಕಿಗಿಂತ ಅದರೊಳಗಿನ ವಿವರದಿಂದ ಕಲಿಯುವುದು ಹೆಚ್ಚಿದೆ. ಕಟ್ಟಡ ನಿರ್ಮಾಣ ಶೇ 50.3, ವ್ಯಾಪಾರ–ಹೋಟೆಲ್–ಸಾರಿಗೆ ಶೇ 47, ಕಾರ್ಖಾನೆ ಉತ್ಪಾದನೆ ಶೇ 39.3 ಇಳಿದಿದ್ದವು, ಕೃಷಿ ಮಾತ್ರ ಶೇ 3.4 ಏರಿತ್ತು. ಅಂದರೆ ಎಲ್ಲ ಕಸುಬುಗಳೂ ಒಂದೇ ಸಲಕ್ಕೆ ಬೀಳುವುದಿಲ್ಲ. ಹಾಗಾಗಿ ಕಾಲೇಜು ಓದುತ್ತಲೇ ದುಡಿಯಬೇಕಾದವರು ಕೆಲಸ ಹಿಡಿಯುವಾಗ ಪಗಾರಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮನೆ ಯಾವ ಗಳಿಕೆಯ ಮೇಲೆ ನಿಂತಿದೆಯೋ ಅದು ಬಿದ್ದ ದಿನವೇ ನನ್ನ ಕೆಲಸವೂ ಬೀಳುತ್ತದೆಯೇ?

ಈ ಭಾಗದಲ್ಲಿ ಬದುಕಿದವರಿಗೆ ಪ್ರಶ್ನೆಯ ತೂಕ ತಿಳಿಯುತ್ತದೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಸುತ್ತ ಬೆಳೆದ ಊರು ದಾಂಡೇಲಿ. ಇಲ್ಲಿ ಪ್ಲೈವುಡ್ ಕಾರ್ಖಾನೆಯೂ ಇತ್ತು, ಫೆರೋ ಮ್ಯಾಂಗನೀಸ್ ಕಾರ್ಖಾನೆಯೂ ಇತ್ತು, ಎರಡೂ ಮುಚ್ಚಿದವು. ಅಪ್ಪ, ಅಣ್ಣ, ಮಾವ ಎಲ್ಲರೂ ಒಂದೇ ಗೇಟಿನೊಳಗೆ ದುಡಿಯುವ ಮನೆಗೆ ಅಂಥ ದಿನ ಬಂದರೆ ಆಸರೆಗೆ ಇನ್ನೊಂದು ಪಗಾರ ಉಳಿದಿರುವುದಿಲ್ಲ. ಜೊಯಿಡಾದ ಕಥೆ ಬೇರೆ. ತಾಲೂಕಿನ ಬಹುಪಾಲು ಕಾಡು, ಹುಲಿ ಸಂರಕ್ಷಿತ ಪ್ರದೇಶವೂ ಇದೆ. ಕಾರ್ಖಾನೆ ಬರುವಂತಿಲ್ಲ, ಆದ್ದರಿಂದ ಹೋಮ್‌ಸ್ಟೇ, ರಾಫ್ಟಿಂಗ್. ಗಣೇಶಗುಡಿಯಲ್ಲಿ ರಾಫ್ಟ್ ಇಳಿಯಬೇಕಾದರೆ ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಡಬೇಕು, ಮಳೆ ಜೋರಿರಬಾರದು, ಬೆಂಗಳೂರು–ಪುಣೆಯವರ ಜೇಬಲ್ಲಿ ವಾರಾಂತ್ಯಕ್ಕೆ ಖರ್ಚು ಮಾಡುವಷ್ಟು ದುಡ್ಡೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೆ ರಾಫ್ಟ್ ಗೈಡು, ಜೀಪಿನ ಚಾಲಕ, ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವಾಕೆ ಎಲ್ಲರ ಕೈಯೂ ಅದೇ ದಿನ ಖಾಲಿ. ಹಾಗೆಂದು ಪ್ರವಾಸೋದ್ಯಮ ವಿದ್ಯಾರ್ಥಿಗೆ ಕೆಟ್ಟ ಕೆಲಸವಲ್ಲ. ಶನಿವಾರ–ಭಾನುವಾರದ ದುಡಿಮೆ, ತರಗತಿಗೆ ಅಡ್ಡಿಯಿಲ್ಲ. ಗದ್ದೆಯನ್ನೇ ನಂಬಿದ ಮನೆಯ ಹುಡುಗನಿಗೆ ಅದು ಸರಿಯಾದ ಜೋಡಿ. ಮನೆಯೇ ಹೋಮ್‌ಸ್ಟೇ ಆಗಿದ್ದರೆ ಅಲ್ಲ. ಹಳಿಯಾಳದ ಕಬ್ಬಿನ ಮನೆಗಳಿಗೂ ಮುಂಡಗೋಡದಿಂದ ಗೌಂಡಿ ಕೆಲಸಕ್ಕೆ ಗೋವಾ ಬಸ್ಸು ಹತ್ತುವವರಿಗೂ ಇದೇ ಲೆಕ್ಕ.

ಕೃಷಿ ಉಳಿಯಿತು ಎನ್ನುವುದು ಅಂಕಿ-ಅಂಶದ ಮಾತು, ಗೋವಿನಜೋಳ ಬೆಳೆದವನನ್ನು ಕೇಳಿ ನೋಡಿ ಎಂದು ಯಾರಾದರೂ ತಕರಾರು ತೆಗೆಯಬಹುದು. ತಕರಾರು ಸರಿಯಾದದ್ದೇ. 2020ರಲ್ಲಿ ಗೋವಿನಜೋಳದ ದರ ಎಷ್ಟು ಬಿದ್ದಿತ್ತೆಂದರೆ ರಾಜ್ಯ ಸರ್ಕಾರ ಬೆಳೆಗಾರರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಫಸಲು ಬರುತ್ತದೆ, ದರ ಬರುವುದಿಲ್ಲ. ಕಬ್ಬಿಗೆ ಕೇಂದ್ರ ನಿಗದಿ ಮಾಡುವ ದರವಾದರೂ ಇದೆ, ಕಾರ್ಖಾನೆ ಬಾಕಿ ಉಳಿಸಿಕೊಂಡರೆ ಅದೂ ಕೈಗೆ ಬರುವುದು ತಡ. ಆದ್ದರಿಂದ ಕೃಷಿ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ಅದು ಬೀಳುವ ಕಾಲವೂ ಕಾರಣವೂ ಬೇರೆ ಎನ್ನುತ್ತಿದ್ದೇನೆ. ಆ ಅಂತರದಲ್ಲಿ ಒಂದು ಸೆಮಿಸ್ಟರ್ ಮುಗಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಬಡವರಿಗೆ ಆಯ್ಕೆ ಎಲ್ಲಿದೆ ಎಂಬುದು. ಸಿಕ್ಕ ಕೆಲಸ ಮಾಡು, ಒಂದು ವರ್ಷ ಕಾಲೇಜು ಬಿಡು, ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಮತ್ತೆ ಸೇರು ಎಂದು ಹಿರಿಯರು ಹೇಳುವುದು ಪ್ರೀತಿಯಿಂದಲೇ. ಆದರೆ ಲೆಕ್ಕ ಹಾಕಿದವರು ಕಡಿಮೆ. ಸರ್ಕಾರಿ ಕಾಲೇಜಿನಲ್ಲಿ ಶುಲ್ಕ ದೊಡ್ಡ ಹೊರೆಯಲ್ಲ. ಊಟ, ವಸತಿ, ಬಸ್ಸು ಹೊರೆ. ಈ ಮೂರಕ್ಕೂ ನೆರವು ಸಿಗುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಮಾತ್ರ. ಹಾಸ್ಟೆಲ್ ಸೀಟು, ವಿದ್ಯಾರ್ಥಿ ಬಸ್ ಪಾಸು, ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿಯ ಮಾಸಿಕ ನೆರವು ಇಂಥವು. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ ಪದವಿ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಹುಡುಗನಿಗೆ 5,000, ಹುಡುಗಿಗೆ 5,500 ರೂಪಾಯಿ ಕೊಟ್ಟಿತ್ತು. ಕಾಲೇಜು ಬಿಟ್ಟವನು ಬರೀ ಪಾಠ ಕಳೆದುಕೊಳ್ಳುವುದಿಲ್ಲ, ಇಂಥ ನೆರವನ್ನೂ ಕಳೆದುಕೊಳ್ಳುತ್ತಾನೆ. ಬಿಟ್ಟವರಲ್ಲಿ ಮರಳಿ ಬಂದವರು ಎಷ್ಟು ಜನ ಎಂದು ನಿಮ್ಮ ಓಣಿಯಲ್ಲೇ ಎಣಿಸಿ ನೋಡಬಹುದು.

ಬಿ.ಎ. ಓದಿ ಏನು ಮಾಡುವುದು, ಕೈಗೊಂದು ಕಸುಬು ಕಲಿಯಲಿ ಎನ್ನುವವರ ಜೊತೆ ನನಗೆ ಜಗಳವಿಲ್ಲ. ದಾಂಡೇಲಿಯ ಜಿಟಿಟಿಸಿ, ಹಳಿಯಾಳದ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳು ಇರುವುದೇ ಅದಕ್ಕೆ. ಆದರೆ ಕಸುಬಿನ ಲೋಕವೂ ಓದಿಗೆ ಬೆಲೆ ಕಟ್ಟುತ್ತದೆ: 2019ರ ಅಪ್ರೆಂಟಿಸ್‌ಶಿಪ್ ನಿಯಮದಲ್ಲಿ ಹತ್ತನೇ ತರಗತಿ ಮುಗಿಸಿದವರಿಗೆ ಕನಿಷ್ಠ ಸ್ಟೈಪೆಂಡ್ 6,000, ಪದವೀಧರರಿಗೆ 9,000 ರೂಪಾಯಿ ಎಂದಿತ್ತು. ಕಷ್ಟಕಾಲದಲ್ಲಿ ತಿಂಗಳಿಗೆ ಮೂರು ಸಾವಿರದ ವ್ಯತ್ಯಾಸ ಸಣ್ಣದಲ್ಲ. ಧಾರವಾಡಕ್ಕೇ ಹೋಗಿ ಓದಬೇಕೆಂಬ ಹಂಬಲವನ್ನು ಮಾತ್ರ ಇಂಥ ವರ್ಷಗಳಲ್ಲಿ ಸ್ನಾತಕೋತ್ತರಕ್ಕೆ ಮುಂದೂಡುವುದು ಲೇಸು. ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಮನೆಯ ಗಳಿಕೆ ನಿಂತಿತೆಂದು ನಿಲ್ಲುವುದಿಲ್ಲ.

ಈ ಸಾಲಿಗೆ ಪ್ರವೇಶ ಪಡೆದವರು ಕೆಲಸ ಹುಡುಕುವ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ನೋಡಿಕೊಂಡು ವಿದ್ಯಾರ್ಥಿವೇತನದ ಅರ್ಜಿ ಹಾಕಿ. ಹಾಜರಿಯನ್ನು ಶೇ 75ಕ್ಕಿಂತ ಕೆಳಗಿಳಿಸುವ ಕೆಲಸ ಎಷ್ಟೇ ಪಗಾರ ಕೊಟ್ಟರೂ ಒಪ್ಪಬೇಡಿ.