ಯೆಹೂದಿಗಳಿಲ್ಲದ ಊರು

ಮಗಾ, ಮೊನ್ನೆ ನಿನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆಯಲ್ಲ, ವಿಯೆನ್ನಾದ ಮೂಕಿ ಚಿತ್ರ, ಅದು ಇನ್ನೂ ತಲೆಯಿಂದ ಇಳಿದಿಲ್ಲ. 1924ರ ‘ಯೆಹೂದಿಗಳಿಲ್ಲದ ಊರು’. ಬೆಲೆ ಏರಿತು, ಕೆಲಸವಿಲ್ಲ, ಎಲ್ಲಕ್ಕೂ ಅವರೇ ಕಾರಣ ಅಂತ ಕಾನೂನು ಮಾಡಿ ಯೆಹೂದಿಗಳನ್ನು ಗಡಿ ದಾಟಿಸುತ್ತಾರೆ. ನೀನು ಅಲ್ಲಲ್ಲಿ ನಕ್ಕೆ. ತಪ್ಪಲ್ಲ, ನಗಿಸುವುದಕ್ಕೇ ತೆಗೆದದ್ದು. ಆದರೆ ಅದರ ಮೂಲ ಕಾದಂಬರಿ ಬರೆದ ಹ್ಯೂಗೋ ಬೆಟ್ಟಾವರ್‌ಗೆ 1925ರ ಮಾರ್ಚಿನಲ್ಲಿ ಒಬ್ಬ ನಾಜಿ ಹುಡುಗ ಗುಂಡು ಹೊಡೆದ. ಇಪ್ಪತ್ತರ ಆಸುಪಾಸು, ನಿನ್ನದೇ ವಯಸ್ಸು ಕಣಪ್ಪ.

ಇನ್ನೊಂದು ಕೇಳು. ಯೆಹೂದಿಗಳನ್ನು ದ್ವೇಷಿಸುವ ಜನಪ್ರತಿನಿಧಿಯಾಗಿ ನಟಿಸಿದ ಹಾನ್ಸ್ ಮೋಸರ್‌ನ ಹೆಂಡತಿಯೇ ಯೆಹೂದಿ. ಹಿಟ್ಲರ್ ಬಂದ ಮೇಲೆ ಆಕೆ ಹಂಗೆರಿಗೆ ಓಡಿಹೋಗಬೇಕಾಯಿತು. ಆತ ಅವಳನ್ನು ಬಿಡಲಿಲ್ಲ. ಯೆಹೂದಿ ನಾಯಕನ ಪಾತ್ರ ಮಾಡಿದ ಯೋಹಾನೆಸ್ ರೀಮಾನ್ ಮುಂದೆ ನಾಜಿ ಪಕ್ಷಕ್ಕೇ ಸೇರಿದ. ಬಣ್ಣ ಅಳಿಸಿದ ಮೇಲೆ ಯಾರು ಎಲ್ಲಿ ನಿಲ್ಲುತ್ತಾರೋ ಹೇಳಲಾಗದು.

ಚಿತ್ರದ ಪೂರ್ತಿ ಪ್ರತಿ ಕಳೆದೇಹೋಗಿತ್ತು. 2015ರಲ್ಲಿ ಪ್ಯಾರಿಸ್ಸಿನ ಹಳೇ ಸಾಮಾನಿನ ಸಂತೆಯಲ್ಲಿ ಸಿಕ್ಕಿತು. ನಾವು ಗಣಪತಿಗೆ ಎತ್ತುವಂತೆ ಚಂದಾ ಎತ್ತಿ ಸರಿಪಡಿಸಿದರು. ಎಲ್ಲಾದರೂ ಪಿಯಾನೊ ನುಡಿಸುತ್ತಾ ತೋರಿಸಿದರೆ ಹೋಗಿ ನೋಡು. ನಾಟಕದಲ್ಲಿ ಹಾರ್ಮೋನಿಯಂನವರು ರಂಗದ ಮೇಲೇ ಕಣ್ಣಿಟ್ಟಂತೆ, ಪಿಯಾನೊದವರು ಪರದೆ ನೋಡಿಕೊಂಡೇ ನುಡಿಸುತ್ತಾರೆ. ಜನ ಗಂಟುಮೂಟೆ ಹೊತ್ತು ಊರು ಬಿಡುವಾಗ ನೀನು ಚಿತ್ರವನ್ನು ಮುಂದಕ್ಕೆ ಓಡಿಸಿಬಿಟ್ಟೆಯಲ್ಲ, ಅಲ್ಲಿ ಹಾಗೆ ಮಾಡಲಾಗದು. ಅವರು ಹೋಗುವಷ್ಟು ಹೊತ್ತೂ ಕೂತಿರಬೇಕು.

ನನಗೆ ಚಿತ್ರದ ಮೇಲೊಂದು ತಕರಾರಿದೆ. ವ್ಯಾಪಾರ ಬಿದ್ದುಹೋಯಿತು, ಹಣದ ಬೆಲೆ ಇಳಿಯಿತು ಅಂತ ಯೆಹೂದಿಗಳನ್ನು ವಾಪಸ್ ಕರೆಯುತ್ತಾರೆ. ಅವರಿಂದ ಲಾಭವಾಗದಿದ್ದರೆ? ನಿಜಜೀವನದಲ್ಲಿ ಯಾರೂ ಕರೆಯಲಿಲ್ಲ. ಆಸ್ಟ್ರಿಯಾದ 65,000ಕ್ಕೂ ಹೆಚ್ಚು ಯೆಹೂದಿಗಳನ್ನು ನಾಜಿಗಳು ಕೊಂದರು.

ಲಾಭದ ಲೆಕ್ಕವಿಲ್ಲದೆ ಜನ ಸೇರುವುದೂ ಉಂಟು. ನಮ್ಮ ಗೂಳೂರು ಗಣಪತಿಯನ್ನು ಹದಿನೆಂಟು ಕೋಮಿನವರು ಸೇರಿ ಮಾಡುತ್ತಾರೆ ಅನ್ನುವುದು ನೀನು ಹುಟ್ಟಿದಾಗಿಂದ ಕೇಳಿದ ಮಾತು. ಯಾವ ಕೋಮಿನಿಂದ ಎಷ್ಟು ಉಪಯೋಗ ಅಂತ ಲೆಕ್ಕ ಹಾಕಿ ಯಾರೂ ಸೇರಿಸಿಲ್ಲ. ನಿನ್ನ ವಾಟ್ಸಾಪ್ ಗುಂಪಿನಲ್ಲಿ ‘ಇವರೊಬ್ಬರು ಹೋದರೆ ಊರು ಉದ್ಧಾರ’ ಅಂತ ತಮಾಷೆ ಬಂದರೆ, ಅವರಿಲ್ಲದಿದ್ದರೆ ಗ್ಯಾರೇಜು ನಡೆಯಲ್ಲ, ಹಣ್ಣು ಸಿಗಲ್ಲ ಅಂತ ವಾದಕ್ಕೆ ಇಳಿಯಬೇಡ. ಇದು ಅವರದೂ ಊರು ಅಂತ ಬರಿ. ನಗುವ ಎಮೋಜಿ ಮಾತ್ರ ಒತ್ತಬೇಡ.