ಆಸ್ಪತ್ರೆಯ ಬಿಲ್ಲಿನಲ್ಲಿ ಕಾಣದ ಖರ್ಚು

"ಸಾಗರದಲ್ಲಿ ಸ್ವಂತ ಮನೆ ಇಟ್ಟುಕೊಂಡು ಬೆಂಗಳೂರಿನಲ್ಲಿ ಆರು ತಿಂಗಳು ಬಾಡಿಗೆ ಕಟ್ಟಿದೆಯಂತಲ್ಲ ಮಾರಾಯ, ಅದೂ ನೀನು?" ಎಂದು ಮದುವೆಮನೆಯೊಂದರಲ್ಲಿ ಹಿರಿಯರೊಬ್ಬರು ಕೇಳಿದರು. ಊರಿನವರಿಗೆ ತೆರಿಗೆ ರಿಟರ್ನ್ ತುಂಬಿಕೊಡುವವನು, ಸಿಕ್ಕವರಿಗೆಲ್ಲ ಉಳಿತಾಯದ ಮಾತು ಹೇಳುವವನು ಹೀಗೆ ಮಾಡಿದ್ದು ಅವರಿಗೆ ಸರಿಕಂಡಿರಲಿಲ್ಲ. ಊಟದ ಪಂಕ್ತಿಯಲ್ಲಿ ಕೂತು ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಇದೇ ಪ್ರಶ್ನೆ ಇನ್ನೆಷ್ಟೋ ಮನೆಗಳಿಗೆ ಎದುರಾಗಲಿದೆ, ಆದ್ದರಿಂದ ಲೆಕ್ಕ ಸಮೇತ ಇಲ್ಲಿ ಹೇಳುತ್ತೇನೆ.

ಅಮ್ಮನಿಗೆ ಬಂದದ್ದು ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಸಾಕೆನಿಸುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಗ್ಯಾಸ್ಟ್ರಿಕ್ ಎಂದುಕೊಂಡೇ ತಿಂಗಳುಗಳು ಕಳೆದುಹೋಗುವ ಕಾಯಿಲೆ ಇದು, ಹೆಚ್ಚಿನವರಿಗೆ ಗೊತ್ತಾಗುವಷ್ಟರಲ್ಲಿ ಮುಂದುವರಿದ ಹಂತ ತಲುಪಿರುತ್ತದೆ. ಅಮ್ಮನದೂ ಮೂರನೇ ಹಂತ. ಮೊದಲು ಮೂರು ಕಿಮೋ, ನಡುವೆ ಆಪರೇಷನ್, ಆಮೇಲೆ ಮತ್ತೆ ಮೂರು ಕಿಮೋ ಎಂದು ಬೆಂಗಳೂರಿನ ವೈದ್ಯರು ತೀರ್ಮಾನಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಕಾರ್ಬೊಪ್ಲಾಟಿನ್, 21 ದಿನಕ್ಕೊಮ್ಮೆ. ಎರಡೂ ಹಳೆಯ ಔಷಧಗಳು, ಜೆನೆರಿಕ್ ಸಿಗುತ್ತವೆ, ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇರುವುದರಿಂದ ಬೆಲೆಗೆ ಸರ್ಕಾರದ ಮಿತಿಯೂ ಇದೆ. ಡೇ ಕೇರ್ ಲೆಕ್ಕದಲ್ಲಿ ಕಿಮೋದ ಬಹುಪಾಲು ಹಣವನ್ನು ವಿಮೆ ಕೊಟ್ಟಿತು. ಔಷಧದ ಖರ್ಚಿಗೆ ನಾವು ಸಿದ್ಧರಾಗಿದ್ದೆವು.

ಆದರೆ ಕಿಮೋ ಒಂದು ದಿನದ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಅದರ ಬಾಧೆಯೆಲ್ಲ ಉಳಿದ 20 ದಿನಗಳದ್ದು, ಮನೆಯಲ್ಲಿ ಅನುಭವಿಸುವಂಥದ್ದು. ಮೊದಲೆರಡು ದಿನ ಸ್ಟೆರಾಯ್ಡ್ ಬಲದಲ್ಲಿ ಅಮ್ಮ ಗೆಲುವಾಗಿಯೇ ಇರುತ್ತಿದ್ದಳು. ಮೂರನೆಯ ದಿನದಿಂದ ಕೀಲು, ಮೀನಖಂಡ ಹಿಂಡುವ ನೋವು. ವಾಂತಿ ತಡೆಯುವ ಮಾತ್ರೆಯಿಂದ ಮಲಬದ್ಧತೆ, ಸ್ಟೆರಾಯ್ಡಿನಿಂದ ಸಕ್ಕರೆ ಏರಿಕೆ. ಬಾಯಿಯಲ್ಲಿ ಹುಣ್ಣು, ತಿಂದದ್ದೆಲ್ಲ ಕಬ್ಬಿಣ ನೆಕ್ಕಿದ ಹಾಗೆ. ಗಂಜಿ ಮತ್ತು ಒಂದೆಲಗದ ತಂಬುಳಿ ಬಿಟ್ಟರೆ ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಅದನ್ನೂ ಅವಳಿಗೆ ತಿನ್ನಬೇಕೆನಿಸಿದ ಹೊತ್ತಿನಲ್ಲೇ ಕೊಡಬೇಕು, ಕೆಲವೊಮ್ಮೆ ರಾತ್ರಿ ಎರಡು ಗಂಟೆಗೆ. ಕಿಮೋ ಸೈಕಲ್‌ಗಳು ಮುಂದುವರಿದಂತೆ ಬೆರಳ ತುದಿ, ಪಾದ ಜೋಮು ಹಿಡಿದವು. ಲೋಟ ಕೈಜಾರುತ್ತಿತ್ತು, ಚಪ್ಪಲಿ ಕಾಲಲ್ಲಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಅಪಾಯ ಎರಡನೆಯ ವಾರದ್ದು. ರಕ್ತದ ಬಿಳಿಕಣಗಳು ತಳಮಟ್ಟಕ್ಕೆ ಇಳಿಯುವ ದಿನಗಳು ಅವು. ಆಗ 100.4 ಡಿಗ್ರಿ ಜ್ವರ ಬಂದರೂ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ, ನೇರ ಆಸ್ಪತ್ರೆಗೆ ಹೋಗಬೇಕು.

ಇನ್ನು ಆ ಹಿರಿಯರ ಲೆಕ್ಕಕ್ಕೆ ಬರುತ್ತೇನೆ.

ಪ್ರತಿ ಕಿಮೋಗೂ ಊರಿನಿಂದ ಹೋಗಿ ಬರುವುದಾದರೆ: ಸಾಗರದಿಂದ ಬೆಂಗಳೂರಿಗೆ ಹೋಗಿಬರಲು ಹೆಚ್ಚುಕಡಿಮೆ 740 ಕಿ.ಮೀ. ಟ್ಯಾಕ್ಸಿಗೆ ಕಿ.ಮೀ.ಗೆ 14 ರೂಪಾಯಿಯಂತೆ 10,360. ಚಾಲಕನ ಭತ್ಯೆ, ಟೋಲ್ ಸೇರಿ 12,000 ಎನ್ನೋಣ. ಲಾಡ್ಜಿನಲ್ಲಿ ಎರಡು ರಾತ್ರಿ, 5,000. ಒಂದು ಸೈಕಲ್‌ಗೆ 17,000, ಆರಕ್ಕೆ 1,02,000.

ಬಾಡಿಗೆ ಮನೆಗೆ: ತಿಂಗಳಿಗೆ 18,000ದಂತೆ ಆರು ತಿಂಗಳಿಗೆ 1,08,000. ವಿದ್ಯುತ್, ನೀರು, ಗ್ಯಾಸ್ 12,000. ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಮನೆ ಬಿಡುವಾಗ ಬಣ್ಣ ಹೊಡೆಸುವ ಹೆಸರಿನಲ್ಲಿ ಮುರಿದುಕೊಂಡದ್ದು ಇನ್ನೊಂದು ತಿಂಗಳದು, ಒಟ್ಟು 36,000. ಒಂದು ಲಕ್ಷ ಅಡ್ವಾನ್ಸ್ ಮೇಲೆ ಆರು ತಿಂಗಳು ಕೈಬಿಟ್ಟ ಬಡ್ಡಿ, ಶೇ. 7ರಂತೆ 3,500. ಹೋಗಿಬರುವ ಟ್ಯಾಕ್ಸಿ ಒಂದೇ ಸಲ, 12,000. ಕೂಡಿದರೆ 1,71,500. ಆಪರೇಷನ್ನಿನ ಖರ್ಚು ಎರಡರಲ್ಲೂ ಒಂದೇ, ಅದನ್ನು ಬಿಟ್ಟಿದ್ದೇನೆ.

ಕಾಗದದ ಮೇಲೆ 69,500 ರೂಪಾಯಿ ಹೆಚ್ಚು. ಹಿರಿಯರು ಹೇಳಿದ್ದು ಅಲ್ಲಿಗೆ ಸರಿ. ಆದರೆ ಆ ಲೆಕ್ಕದಲ್ಲಿ ಎರಡನೆಯ ವಾರ ಇಲ್ಲ. ಮೂರನೇ ಕಿಮೋ ಆದಮೇಲೆ ಒಂದು ರಾತ್ರಿ ಅಮ್ಮನಿಗೆ ಚಳಿ ಹಿಡಿಯಿತು, ಥರ್ಮಾಮೀಟರ್ 101 ತೋರಿಸಿತು. ಆಟೋದಲ್ಲಿ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಇಂಥ ಜ್ವರಕ್ಕೆ ಮೊದಲ ಆ್ಯಂಟಿಬಯಾಟಿಕ್ ಒಂದು ಗಂಟೆಯೊಳಗೆ ರಕ್ತಕ್ಕೆ ಹೋಗಬೇಕೆಂಬುದು ನಿಯಮ, ಹೋಯಿತು. ನಾಲ್ಕು ದಿನಕ್ಕೆ ವಾರ್ಡಿನಿಂದ ಹೊರಬಂದಳು. ಅದೇ ರಾತ್ರಿ ನಾವು ಊರಲ್ಲಿದ್ದಿದ್ದರೆ ಶಿವಮೊಗ್ಗ ತಲುಪಲೇ 70 ಕಿ.ಮೀ. ಓಡಬೇಕಿತ್ತು. ಸೋಂಕು ರಕ್ತಕ್ಕೆ ಹಬ್ಬಿ ಐಸಿಯು ಸೇರಿದರೆ ಈ 69,500 ಎಷ್ಟು ದಿನಕ್ಕೆ ಸಾಲುತ್ತದೆ ಎಂದು ಐಸಿಯು ಬಿಲ್ ನೋಡಿದ ಯಾರನ್ನಾದರೂ ಕೇಳಿ. ಅಮ್ಮನ ಜೀವದ ಬೆಲೆಯನ್ನು ನಾನು ಲೆಕ್ಕಕ್ಕೆ ಸೇರಿಸಿಯೇ ಇಲ್ಲ, ಬರೀ ರೂಪಾಯಿಯ ಮಾತು ಹೇಳುತ್ತಿದ್ದೇನೆ. ಆ ಜ್ವರದ ನಂತರ ಪ್ರತಿ ಸೈಕಲ್‌ಗೂ ಬಿಳಿಕಣ ಏರಿಸುವ ಫಿಲ್ಗ್ರಾಸ್ಟಿಮ್ ಇಂಜೆಕ್ಷನ್ ಬರೆದುಕೊಟ್ಟರು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ದಿನಕ್ಕೊಂದರಂತೆ ಕೆಲವು ದಿನ ಚುಚ್ಚಿಸಬೇಕು. ಫ್ರಿಜ್, ಅಡುಗೆಮನೆ, ನೆಲಮಹಡಿಯಲ್ಲಿ ಕಮೋಡ್, ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು: ಲಾಡ್ಜಿನಲ್ಲಿ ಇವೆಲ್ಲ ಎಲ್ಲಿಂದ ಬರಬೇಕು?

ಬೇರೆ ದಾರಿಗಳೂ ಇವೆ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಉಚಿತ, ಜೊತೆಗೆ ಹೋಗುವವರಿಗೆ ಶೇ. 75 ರಿಯಾಯಿತಿ. ಪತ್ರ ಆಸ್ಪತ್ರೆಯಿಂದಲೇ ಸಿಗುತ್ತದೆ. ಕಿಮೋ ಮಾತ್ರ ಶಿವಮೊಗ್ಗದಲ್ಲಿ ಕೊಡಿಸಬಹುದೇ ಎಂದೂ ವೈದ್ಯರನ್ನು ಕೇಳಬಹುದು, ಎಷ್ಟೋ ಮಂದಿಗೆ ಅದೇ ಸರಿಹೋಗುತ್ತದೆ. ಆಪರೇಷನ್ ನಡುವೆ ಇದ್ದುದರಿಂದ ನಮಗೆ ಒಂದೇ ತಂಡದ ಕೈಯಲ್ಲಿರುವುದು ಬೇಕಿತ್ತು.

ಈ ನಡುವೆ ಪರಿಚಯದ ಏಜೆಂಟರೊಬ್ಬರು ತಮ್ಮನಿಗೂ ನನಗೂ 'ಹಾಸ್ಪಿಟಲ್ ಕ್ಯಾಶ್' ಪಾಲಿಸಿ ಮಾಡಿಸಲು ಹಿಂದೆ ಬಿದ್ದರು. ಅಮ್ಮನನ್ನು ನೋಡಿಯಾದರೂ ಎಚ್ಚೆತ್ತುಕೊಳ್ಳಿ, ದಿನಕ್ಕೆ ಎರಡು ಸಾವಿರ ಕೈಗೆ ಬರುತ್ತದೆ ಎಂದರು. ಅಮ್ಮನನ್ನು ನೋಡಿದ್ದರಿಂದಲೇ ಬೇಡ ಎಂದೆ. ಈ ಪಾಲಿಸಿ ಹಣ ಕೊಡುವುದು 24 ಗಂಟೆ ದಾಖಲಾಗಿದ್ದರೆ, ಹಲವು ಪಾಲಿಸಿಗಳು ಮೊದಲ ದಿನವನ್ನೂ ಕಳೆಯುತ್ತವೆ. ಬೆಳಿಗ್ಗೆ ಹೋಗಿ ಸಂಜೆ ಬರುವ ಆರು ಕಿಮೋಗೆ ಸೊನ್ನೆ. ಮನೆಯಲ್ಲಿ ನರಳಿದ ದಿನಗಳಿಗೆ ಸೊನ್ನೆ. ನಾಲ್ಕು ದಿನದ ಜ್ವರಕ್ಕೆ ಒಂದು ದಿನ ಕಳೆದು ಆರು ಸಾವಿರ. ಇಷ್ಟಕ್ಕೆ ವರ್ಷ ವರ್ಷ ಪ್ರೀಮಿಯಂ ಕಟ್ಟಬೇಕೆ? ಕುಟುಂಬದ ಮೂಲ ಆರೋಗ್ಯ ವಿಮೆಯ ಮೊತ್ತ ಏರಿಸಿ, ಟಾಪ್ ಅಪ್ ತೆಗೆದುಕೊಳ್ಳಿ, ಉಳಿದದ್ದನ್ನು ಉಳಿತಾಯ ಖಾತೆಯಲ್ಲಿ ಇಡಿ. ಭಯವನ್ನು ತೋರಿಸಿ ಮಾರುವ ಯಾವ ಕಾಗದಕ್ಕೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಸಹಿ ಹಾಕಬೇಡಿ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತೇವೆಂದು ಡಬ್ಬಿಗೆ ಸಾವಿರಾರು ರೂಪಾಯಿ ಕೇಳುವ ಪುಡಿ, ಕಷಾಯಗಳಿಗೂ ಇದೇ ಮಾತು. ಕಿಮೋ ನಡೆಯುವಾಗ ಆಂಕಾಲಜಿಸ್ಟ್‌ಗೆ ತಿಳಿಸದೆ ಏನನ್ನೂ ಕೊಡಕೂಡದು.

ಹಣದ ವಿಷಯದಲ್ಲಿ ನಮ್ಮ ಮನೆಗಳ ಒಂದು ಅಭ್ಯಾಸ ನನ್ನನ್ನು ಬಹಳ ನೋಯಿಸುತ್ತದೆ. ರೋಗಿಯ ಮಂಚದ ಪಕ್ಕದಲ್ಲೇ ನಿಂತು ಬಿಲ್ಲಿನ ಮಾತಾಡುತ್ತೇವೆ. ಅಮ್ಮಂದಿರು ಅದನ್ನು ಕೇಳಿಸಿಕೊಳ್ಳುತ್ತಾರೆ. ಆಮೇಲೆ ಜ್ವರವನ್ನು ಮುಚ್ಚಿಡುತ್ತಾರೆ, ಬೆರಳ ಜೋಮನ್ನು ಹೇಳುವುದಿಲ್ಲ, ಮಾತ್ರೆ ಅರ್ಧ ಮಾಡಿ ನುಂಗುತ್ತಾರೆ. ಇದು ಅಮ್ಮನೊಬ್ಬಳ ಸ್ವಭಾವವಲ್ಲ, ಡೇ ಕೇರ್ ವಾರ್ಡಿನಲ್ಲಿ ಪಕ್ಕದ ಕುರ್ಚಿಗಳಲ್ಲಿ ಕೂತವರೆಲ್ಲ ಹೇಳಿದ್ದೂ ಇದನ್ನೇ. ಜೋಮು ಹೆಚ್ಚಾದರೆ ವೈದ್ಯರು ಡೋಸ್ ತಗ್ಗಿಸಬಹುದು. ಹೇಳದಿದ್ದರೆ ನರಕ್ಕೆ ಆದ ಹಾನಿ ಉಳಿದುಬಿಡಬಹುದು. ನಾವು ಅಮ್ಮನ ಹೆಸರಿನಲ್ಲಿ ಪ್ರತ್ಯೇಕ ಖಾತೆಗೆ ಎರಡು ಲಕ್ಷ ಹಾಕಿ ಪಾಸ್‌ಬುಕ್ಕನ್ನು ಅವಳ ಕೈಗೇ ಕೊಟ್ಟೆವು. "ಇದು ನಿನ್ನ ಜ್ವರಕ್ಕೂ ಗಂಜಿಗೂ ತೆಗೆದಿಟ್ಟದ್ದು, ಉಳಿಸಿದರೆ ಯಾರಿಗೂ ಲಾಭವಿಲ್ಲ ಕಣಮ್ಮ" ಎಂದ ತಮ್ಮ. ಆಮೇಲೆ ಅವಳು ಮೈ ಬಿಸಿಯಾದರೆ ತಾನೇ ಕರೆಯತೊಡಗಿದಳು. ಆ ಎರಡು ಲಕ್ಷಕ್ಕೆ ಬ್ಯಾಂಕಿನ ಬಡ್ಡಿ ಎಷ್ಟು ಬಂತೆಂದು ನಾನು ನೋಡಿಲ್ಲ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಹೆಚ್ಚಿನ ಪಾಲಿಸಿಗಳಲ್ಲಿ ಚಿಕಿತ್ಸೆಯ ನಂತರದ 60 ದಿನಗಳ ಔಷಧ, ಪರೀಕ್ಷೆಗಳ ಖರ್ಚನ್ನೂ ಕೇಳಬಹುದು. ಕಿಮೋ 21 ದಿನಕ್ಕೊಮ್ಮೆ ಇರುವುದರಿಂದ ನಡುವಿನ ರಕ್ತಪರೀಕ್ಷೆ, ಇಂಜೆಕ್ಷನ್, ಬಾಯಿಹುಣ್ಣಿನ ಔಷಧಗಳೆಲ್ಲ ಆ ಅವಧಿಯೊಳಗೇ ಬರುತ್ತವೆ. ಇದು ಕೈತಪ್ಪುವುದು ಚೀಟಿ ಇಲ್ಲದ ಕಾರಣಕ್ಕೆ. ಫೋನಿನಲ್ಲಿ ಹೇಳಿದ ಮಾತ್ರೆಯನ್ನೂ ಮುಂದಿನ ಭೇಟಿಯಲ್ಲಿ ಬರೆಸಿಕೊಳ್ಳಿ. ತೆರಿಗೆಯ ಹಳೆ ಪದ್ಧತಿಯಲ್ಲಿ ಇರುವವರಿಗೆ ಹಿರಿಯ ನಾಗರಿಕರ ಕ್ಯಾನ್ಸರ್ ಚಿಕಿತ್ಸೆಗೆ ಒಂದು ಲಕ್ಷದವರೆಗೆ ಕಡಿತ ಸಿಗುತ್ತದೆ, ವಿಮೆ ಕೊಟ್ಟದ್ದನ್ನು ಅದರಲ್ಲಿ ಕಳೆಯಬೇಕು, ಆಂಕಾಲಜಿಸ್ಟರ ಚೀಟಿ ಇರಬೇಕು. ಹೊಸ ಪದ್ಧತಿಯಲ್ಲಿ ಇಲ್ಲ. ಮನೆ ಬಾಡಿಗೆಯನ್ನು ವಿಮೆಯಾಗಲಿ ಈ ತೆರಿಗೆ ಕಡಿತವಾಗಲಿ ಒಪ್ಪುವುದಿಲ್ಲ, ಅದು ಪೂರ್ತಿ ನಿಮ್ಮ ಕೈಯಿಂದಲೇ ಹೋಗುವ ಹಣ.

ಮನೆಯಲ್ಲಿ ಯಾರಿಗಾದರೂ ಕಿಮೋ ಶುರುವಾಗುವುದಿದ್ದರೆ, ಮೊದಲ ಸೈಕಲ್‌ಗೆ ಮುಂಚೆಯೇ ಆಸ್ಪತ್ರೆಯ ರಾತ್ರಿಪಾಳಿಯ ನಂಬರ್ ಕೇಳಿ ಗೋಡೆಗೆ ಅಂಟಿಸಿ, ಒಳ್ಳೆಯ ಥರ್ಮಾಮೀಟರ್ ಕೊಳ್ಳಿ, ನಡುರಾತ್ರಿ ಜ್ವರ ಬಂದರೆ ಆಸ್ಪತ್ರೆ ತಲುಪಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಹೋಗಿ ನೋಡಿ. ಅದು ಒಂದು ಗಂಟೆ ಮೀರುತ್ತದೆ ಎಂದಾದರೆ, ಆರು ತಿಂಗಳ ಮಟ್ಟಿಗೆ ಹತ್ತಿರದಲ್ಲೊಂದು ಮನೆ ಹುಡುಕಿ.